‘ಪಿಂಗ್ ಮಾಡು ಮಗಾ’: ನೇರವಾಗಿ ಬಾಗಿಲು ತಟ್ಟುವ ಆಜ್ಞೆಯ ಕಥೆ

ಕಂತು 1

ಈ ಪದವನ್ನ ದಿನಕ್ಕೆ ಎಷ್ಟು ಸಲ ಹೇಳ್ತೀರಿ ಅಂತ ಯಾವತ್ತಾದ್ರೂ ಲೆಕ್ಕ ಇಟ್ಟಿದ್ದೀರಾ? ಬಿಜಿಎಂಐ ಆಡೋವಾಗ “ಪಿಂಗ್ 180 ಹೋಯ್ತು ಗುರು, ಸತ್ತೆ”. ಕ್ಲಾಸ್ ಗ್ರೂಪಲ್ಲಿ “ನೋಟ್ಸ್ ಸಿಕ್ಕಿದ್ಮೇಲೆ ಪಿಂಗ್ ಮಾಡು ಮಗಾ”. ಬೆಂಗಳೂರಲ್ಲಿ ಐಟಿ ಕೆಲಸಕ್ಕೆ ಸೇರಿರೋ ಅಕ್ಕ ಅಣ್ಣಂದಿರಂತೂ ಮನೆಯವರನ್ನೂ ಪಿಂಗ್ ಮಾಡ್ತಾರೆ.

ಹಿಂದಿನ ಸರಣಿಯಲ್ಲಿ ಹುಂಡಿ ಬಗ್ಗೆ ಬರೆದಿದ್ದೆ. ಈ ಸಲ ಪಿಂಗ್. ಎರಡಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಓದ್ತಾ ಹೋದ್ರೆ ನಿಮಗೇ ಗೊತ್ತಾಗುತ್ತೆ. ನಾನು ಓದ್ತಿರೋದು ಬಿಕಾಂ, ಕಂಪ್ಯೂಟರ್ ಸೈನ್ಸ್ ಅಲ್ಲ. ಹಾಗಾಗಿ ಲೆಡ್ಜರ್ ಭಾಷೆಯಲ್ಲೇ ಹೇಳ್ತೀನಿ.

ಮೇಲಿನ ಫೋಟೋದಲ್ಲಿ ಇರೋದು ನನ್ನ ಲ್ಯಾಪ್‌ಟಾಪಿನ ಕಮಾಂಡ್ ಲೈನ್. ಬಟನ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ ಮೇಲೆ ಅಕ್ಷರ ಟೈಪ್ ಮಾಡಬೇಕು, ಅದು ಅಕ್ಷರದಲ್ಲೇ ಉತ್ತರ ಕೊಡುತ್ತೆ. ಸಿನಿಮಾದಲ್ಲಿ ಹ್ಯಾಕರ್‌ಗಳ ಹಿಂದೆ ಓಡ್ತಾ ಇರುತ್ತಲ್ಲ, ಅದೇ. ಅಷ್ಟೇನೂ ಭಯ ಪಡೋ ವಸ್ತು ಅಲ್ಲ. ಒಂದು ಯಂತ್ರ ಇನ್ನೊಂದು ಯಂತ್ರವನ್ನ ನಡುವೆ ಯಾರನ್ನೂ ಕೇಳದೆ ನೇರವಾಗಿ ಮಾತಾಡಿಸೋಕೆ ಆಗುತ್ತಾ ಇಲ್ವಾ ಅನ್ನೋದನ್ನ ಪರೀಕ್ಷೆ ಮಾಡೋ ಜಾಗ ಇದು. ಆ ಪರೀಕ್ಷೆಗೂ ಒಂದು ಚರಿತ್ರೆ ಇದೆ.

ಕಂತು 2

1969ರ ಅಕ್ಟೋಬರ್ 29, ರಾತ್ರಿ ಸುಮಾರು ಹತ್ತೂವರೆ. ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ, ಯುಸಿಎಲ್‌ಎ. ಚಾರ್ಲಿ ಕ್ಲೈನ್ ಅನ್ನೋ ವಿದ್ಯಾರ್ಥಿ ಅಲ್ಲಿನ ಕಂಪ್ಯೂಟರಿನಿಂದ ನೂರಾರು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಸೇರಿಕೊಳ್ಳೋಕೆ ‘ಲಾಗಿನ್’ ಅಂತ ಟೈಪ್ ಮಾಡೋಕೆ ಶುರು ಮಾಡ್ದ. ಎಲ್ ಹೋಯ್ತು. ಓ ಹೋಯ್ತು. ಆಮೇಲೆ ಆ ಕಡೆಯ ಯಂತ್ರ ಕೈಕೊಟ್ಟಿತು. ಇಂಟರ್ನೆಟ್ಟಿನ ಅಜ್ಜ ಅನ್ನಬಹುದಾದ ಆರ್ಪಾನೆಟ್ ಆಡಿದ ಮೊದಲ ಮಾತು ಆ ಎರಡೇ ಅಕ್ಷರ.

ಈ ಕಥೆ ಎಲ್ಲಾ ರೀಲ್ಸಲ್ಲೂ ಬರುತ್ತೆ. ಆದರೆ ಎಲ್ಲರೂ ಬಿಟ್ಟುಬಿಡೋ ಒಂದು ವಿಷಯ ಇದೆ. ಅಕ್ಷರ ಆ ಕಡೆ ತಲುಪಿತು ಅಂತ ಕ್ಲೈನ್‌ಗೆ ಗೊತ್ತಾಗಿದ್ದು ಹೇಗೆ? ಫೋನಿನಲ್ಲಿ! ಆ ಕಡೆ ಇದ್ದ ಬಿಲ್ ಡುವಾಲ್ ಜೊತೆ ಫೋನಿನಲ್ಲಿ ಮಾತಾಡ್ತಾ, ಎಲ್ ಬಂತಾ, ಬಂತು, ಓ ಬಂತಾ, ಬಂತು ಅಂತ ಕೇಳ್ಕೊಂಡಿದ್ದು. ಅಂದ್ರೆ ಜಾಲ ಸರಿ ಇದೆಯಾ ಅಂತ ನೋಡೋಕೆ ಆ ಜಾಲಕ್ಕೇ ಇನ್ನೂ ಬಾಯಿ ಇರಲಿಲ್ಲ, ಟೆಲಿಫೋನ್ ಬೇಕಾಯ್ತು.

ಇನ್ನೊಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಆ ಜಾಲದಲ್ಲಿ ಎಲ್ಲಾ ಯಂತ್ರಗಳೂ ಸಮಾನ. ಒಬ್ಬ ಅಂಗಡಿಯವನು, ಉಳಿದವರು ಗಿರಾಕಿಗಳು ಅಂತ ಇರಲಿಲ್ಲ. ಪ್ರತಿಯೊಂದಕ್ಕೂ ಸ್ವಂತ ವಿಳಾಸ. ಯಾರು ಬೇಕಾದರೂ ಯಾರ ಬಾಗಿಲನ್ನಾದರೂ ತಟ್ಟಬಹುದಿತ್ತು. ಈಗ ‘ಪಿಯರ್ ಟು ಪಿಯರ್’ ಅಂತ ಏನೋ ಹೊಸ ವಿಚಾರದ ಥರ ಹೇಳ್ತೀವಲ್ಲ, ಅದು ಹೊಸದಲ್ಲ. ಜಾಲ ಹುಟ್ಟಿದ್ದೇ ಹಾಗೆ.

ಕಂತು 3

1983ರ ಜನವರಿ 1ರಂದು ಆರ್ಪಾನೆಟ್ ಈಗ ನಾವು ಬಳಸೋ ಟಿಸಿಪಿ ಐಪಿ ನಿಯಮಗಳಿಗೆ ಬದಲಾಯ್ತು. ಅದಕ್ಕೂ ಮುಂಚೆ, 1981ರ ಸೆಪ್ಟೆಂಬರಿನಲ್ಲಿ, ಜಾನ್ ಪೋಸ್ಟಲ್ ಬರೆದ ಒಂದು ನಿಯಮಾವಳಿಯಲ್ಲಿ ‘ಎಕೋ’ ಅನ್ನೋ ಸಂದೇಶ ಇತ್ತು. ಎಕೋ ಅಂದ್ರೆ ಪ್ರತಿಧ್ವನಿ. ಈ ಸಂದೇಶ ಯಾರಿಗೆ ಬರುತ್ತೋ ಅವರು ಅದನ್ನ ಇದ್ದ ಹಾಗೇ ಕಳಿಸಿದವನಿಗೆ ವಾಪಸ್ ಕಳಿಸಬೇಕು. ಅಷ್ಟೇ.

ಮೈಕ್ ಮೂಸ್ ಅಂತ ಒಬ್ಬ. ಮೇರಿಲ್ಯಾಂಡ್‌ನಲ್ಲಿದ್ದ ಅಮೆರಿಕನ್ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ ಕೆಲಸ. 1983ರ ಜುಲೈನಲ್ಲಿ ನಾರ್ವೆಯಲ್ಲಿ ಒಂದು ಸಭೆ ನಡೀತು. ಅಲ್ಲಿ ಡೇವಿಡ್ ಮಿಲ್ಸ್ ಅನ್ನೋರು ಈ ಎಕೋ ಸಂದೇಶ ಬಳಸಿ ದಾರಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೀತಿದ್ದೀನಿ ಅಂದರು. ಮೂಸ್ ತಲೆಯಲ್ಲಿ ಅದು ಉಳ್ಕೊಳ್ತು. (ಮಿಲ್ಸ್ ಅಂದ್ರೆ ಸುಮ್ನೆ ಅಲ್ಲ. ನಿಮ್ಮ ಫೋನಿನ ಗಡಿಯಾರ ಸರಿಯಾದ ಸಮಯ ತೋರಿಸೋ ಹಿಂದೆ ಇರೋ ಎನ್‌ಟಿಪಿ ವ್ಯವಸ್ಥೆ ಕಟ್ಟಿದ್ದು ಅವರೇ. 2024ರ ಜನವರಿಯಲ್ಲಿ ತೀರಿಕೊಂಡರು.)

ಡಿಸೆಂಬರ್ ತಿಂಗಳು. ಮೂಸ್ ಲ್ಯಾಬಿನ ನೆಟ್‌ವರ್ಕ್ ವಿಚಿತ್ರವಾಗಿ ಆಡ್ತಿತ್ತು. ಮಿಲ್ಸ್ ಹೇಳಿದ್ದು ನೆನಪಾಗಿ ಒಂದು ಪ್ರೋಗ್ರಾಮ್ ಬರೆಯೋಕೆ ಕೂತ. ಬರೆದ, ಕೆಲಸ ಮಾಡಲಿಲ್ಲ. ಯಾಕಂದ್ರೆ ಆಪರೇಟಿಂಗ್ ಸಿಸ್ಟಮ್ ಒಳಗೇ ಅದಕ್ಕೆ ಬೇಕಾದ ಸೌಲಭ್ಯ ಇರಲಿಲ್ಲ. ಸಿಟ್ಟು ಬಂತು. ಅದನ್ನೂ ತಾನೇ ಬರೆದು ಸೇರಿಸಿದ. ಬೆಳಗಾಗೋದರೊಳಗೆ ಎಲ್ಲಾ ರೆಡಿ. ಒಟ್ಟು ಸುಮಾರು ಒಂದು ಸಾವಿರ ಸಾಲು.

ಆದರೆ ಅವನ ಮೊದಲ ಪಿಂಗ್ ಹೊರಡೋಕೆ ಮುಂಚೆಯೇ ಅವನ ಸಹೋದ್ಯೋಗಿಯೊಬ್ಬ ಕೆಟ್ಟಿದ್ದ ಹಾರ್ಡ್‌ವೇರ್ ಹುಡುಕಿ ಸರಿ ಮಾಡಿಬಿಟ್ಟಿದ್ದ! ಯಾವ ರೋಗಕ್ಕೆ ಔಷಧಿ ಅರೆದನೋ ಆ ರೋಗಿ ಆಗಲೇ ಎದ್ದು ಓಡಾಡ್ತಿದ್ದ. ನಲವತ್ತು ವರ್ಷದಿಂದ ಜಗತ್ತೇ ಬಳಸ್ತಿರೋದು ಆ ಔಷಧೀನ.

ಹೆಸರು ಎಲ್ಲಿಂದ? ಜಲಾಂತರ್ಗಾಮಿಗಳ ಸೋನಾರ್ ನೀರಲ್ಲಿ ‘ಪಿಂಗ್’ ಅಂತ ಸದ್ದು ಬಿಟ್ಟು, ಎದುರಿನ ವಸ್ತುವಿಗೆ ತಾಗಿ ಬರೋ ಪ್ರತಿಧ್ವನಿಗೆ ಕಾಯುತ್ತಲ್ಲ, ಅಲ್ಲಿಂದ. ಕಾಲೇಜಿನಲ್ಲಿದ್ದಾಗ ಸೋನಾರ್, ರಾಡಾರ್‌ಗಳ ಲೆಕ್ಕದ ಮೇಲೆ ಕೆಲಸ ಮಾಡಿದ್ದೋನು ಅವನು. ಪಿ ಐ ಎನ್ ಜಿ ಅಂದ್ರೆ ಅದರ ಫುಲ್ ಫಾರ್ಮ್ ಏನೋ ಇದೆ ಅಂತ ಯಾರಾದರೂ ಕ್ವಿಜ್‌ನಲ್ಲಿ ಹೇಳಿದ್ರೆ ನಂಬಬೇಡಿ. ತಾನು ಇಟ್ಟಿದ್ದು ಸದ್ದಿನ ಹೆಸರು ಅಂತ ಮೂಸ್‌ನೇ ಬರೆದಿದ್ದಾನೆ.

ಕಂತು 4

ಈಗ ನಮ್ಮ ಸಬ್ಜೆಕ್ಟಿಗೆ ಬನ್ನಿ. ಆಡಿಟಿಂಗ್ ಪೇಪರಲ್ಲಿ ‘ಎಕ್ಸ್‌ಟರ್ನಲ್ ಕನ್‌ಫರ್ಮೇಶನ್’ ಓದಿದ್ದೀವಿ ಅಲ್ವಾ, ಎಸ್‌ಎ 505. ಕಂಪನಿ ಪುಸ್ತಕದಲ್ಲಿ “ಇಂಥ ಬ್ಯಾಂಕಿನಲ್ಲಿ ನಮ್ಮದು ಇಷ್ಟು ದುಡ್ಡಿದೆ” ಅಂತ ಬರೆದಿದೆ. ಆಡಿಟರ್ ಕಂಪನಿಯ ಅಕೌಂಟೆಂಟನ್ನ ಕೇಳಿ ಸುಮ್ಮನಾಗಬಾರದು. ಬ್ಯಾಂಕಿಗೇ ಪತ್ರ ಬರೀಬೇಕು, ಉತ್ತರ ನೇರವಾಗಿ ತನ್ನ ಕೈಗೇ ಬರಬೇಕು.

ಪಿಂಗ್ ಅಂದ್ರೆ ಈ ಪತ್ರವೇ. ಆ ಕಡೆಯ ಯಂತ್ರ ಇದೆಯಾ ಅಂತ ಮೂರನೆಯವರನ್ನ ಕೇಳಲ್ಲ, ಅದನ್ನೇ ಕೇಳ್ತೀವಿ. ಕಳಿಸುವಾಗ ಪತ್ರದೊಳಗೇ ಕಳಿಸಿದ ಸಮಯ ಬರೆದಿರುತ್ತೆ. ವಾಪಸ್ ಬಂದ ತಕ್ಷಣ ಈಗಿನ ಸಮಯದಿಂದ ಅದನ್ನ ಕಳೆದರೆ ಹೋಗಿ ಬರೋಕೆ ಹಿಡಿದ ಹೊತ್ತು ಸಿಗುತ್ತೆ. ಗೇಮಲ್ಲಿ ನೀವು ‘ಪಿಂಗ್ 40’ ಅನ್ನೋದು ಇಂಥದೇ ಅಳತೆ, 40 ಮಿಲಿಸೆಕೆಂಡ್.

ಇದಕ್ಕೆ ಒಂದು ಮಿತಿ ಇದೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಬೆಂಗಳೂರಿಂದ ನ್ಯೂಯಾರ್ಕಿಗೆ ನೇರ ದೂರವೇ 13 ಸಾವಿರ ಕಿಲೋಮೀಟರ್ ದಾಟುತ್ತೆ. ಹೋಗಿ ಬರೋದು 26 ಸಾವಿರಕ್ಕೂ ಜಾಸ್ತಿ. ಹಾಗಾಗಿ ಯಾವ ದುಬಾರಿ ಪ್ಲಾನ್ ಹಾಕಿಸಿದ್ರೂ ಫೈಬರ್ ಮೇಲೆ ಅಲ್ಲಿಗೆ 130 ಮಿಲಿಸೆಕೆಂಡಿಗಿಂತ ಕಮ್ಮಿ ಪಿಂಗ್ ಬರಲ್ಲ. ಅಮೆರಿಕದ ಸರ್ವರ್‌ನಲ್ಲಿ ಆಡಿ ಸೋತಾಗ ಬೈಬೇಕಾದ್ದು ನೆಟ್‌ವರ್ಕ್ ಕಂಪನೀನ ಅಲ್ಲ, ಭೂಗೋಳವನ್ನ.

ಇನ್ನೊಂದು ಎಚ್ಚರಿಕೆಯೂ ಆಡಿಟಿಂಗಲ್ಲಿ ಇರೋದೇ. ಪತ್ರಕ್ಕೆ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಸಾಲಗಾರ ಇಲ್ಲ ಅಂತಲ್ಲ. ಪಿಂಗಿಗೆ ಉತ್ತರ ಬರದಿದ್ರೆ ಯಂತ್ರ ಸತ್ತಿರಬಹುದು, ದಾರಿ ಕಡಿದಿರಬಹುದು, ಅಥವಾ ಯಾರೋ ಬೇಕಂತಲೇ ಉತ್ತರ ಕೊಡದ ಹಾಗೆ ಮಾಡಿರಬಹುದು. 1996ರಲ್ಲಿ ‘ಪಿಂಗ್ ಆಫ್ ಡೆತ್’ ಅನ್ನೋ ಕಿತಾಪತಿ ಶುರುವಾಯ್ತು. ನಿಯಮ ಮೀರಿದ ದೊಡ್ಡ ಗಾತ್ರದ ಪಿಂಗ್ ಕಳಿಸಿದ್ರೆ ಎದುರಿನ ಕಂಪ್ಯೂಟರ್ ಕುಸಿದು ಬೀಳ್ತಿತ್ತು. 2003ರ ಆಗಸ್ಟಿನಲ್ಲಿ ವೆಲ್ಚಿಯಾ ಅನ್ನೋ ವರ್ಮ್ ಜಾಲದ ತುಂಬಾ ಪಿಂಗ್ ಸುರೀತು. ಇಂಥವೆಲ್ಲ ನೋಡಿ ಎಷ್ಟೋ ಕಡೆ ಪಿಂಗಿಗೆ ಉತ್ತರ ಕೊಡೋದನ್ನೇ ನಿಲ್ಲಿಸಿಬಿಟ್ರು.

ಪಿಂಗ್ ಬಗ್ಗೆ ತಾನು ಕೇಳಿದ ಅತ್ಯುತ್ತಮ ಕಥೆ ಅಂತ ಮೂಸ್ ಒಂದು ಕಥೆ ಹೇಳ್ತಿದ್ದ. ಒಬ್ಬ ನೆಟ್‌ವರ್ಕ್ ನೋಡಿಕೊಳ್ಳುವವನಿಗೆ ಆಗಾಗ ಮಾತ್ರ ಕಡಿದುಹೋಗೋ ಕೇಬಲ್ ಕಾಟ. ಅವನು ಪಿಂಗ್ ಆಜ್ಞೆಯನ್ನ ಕಂಪ್ಯೂಟರಿನ ಧ್ವನಿಗೆ ಜೋಡಿಸಿ, ಸ್ಟೀರಿಯೋ ಜೋರಾಗಿ ಇಟ್ಟ. ಪ್ರತಿ ಉತ್ತರಕ್ಕೂ ಅದು “ಪಿಂಗ್, ಪಿಂಗ್, ಪಿಂಗ್” ಅಂತ ಕೂಗ್ತಿತ್ತು. ಅವನು ಕಟ್ಟಡದ ತುಂಬಾ ಓಡಾಡ್ತಾ ಒಂದೊಂದೇ ಕನೆಕ್ಟರ್ ಅಲ್ಲಾಡಿಸ್ತಾ ಹೋದ. ಎಲ್ಲಿ ಕೂಗು ನಿಲ್ತೋ ಅಲ್ಲೇ ತೊಂದರೆ ಇತ್ತು.

ಕಂತು 5

ಬೇಗ ಮುಗಿಸ್ತೀನಿ, ಎರಡೇ ಆಜ್ಞೆ.

ಒಂದು, ಟ್ರೇಸ್‌ರೂಟ್. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬಿಗೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಬಿತ್ತು. ಸಾವಿರ ಅಲ್ಲ, ಬರೀ 40! ಎರಡಕ್ಕೂ ಮಧ್ಯೆ ದೂರ 400 ಗಜ. 40 ಬಿಟ್ ಅಂದ್ರೆ ಸೆಕೆಂಡಿಗೆ ಐದು ಅಕ್ಷರ. ಎರಡು ಪುಟದ ಪತ್ರವನ್ನ ಕಾಲ್ನಡಿಗೆಯಲ್ಲಿ ತಗೊಂಡು ಹೋಗಿ ಕೊಟ್ಟಿದ್ರೂ ಬೇಗ ತಲುಪ್ತಿತ್ತು. ಆ ದಟ್ಟಣೆಗೆ ಪರಿಹಾರ ಕಂಡುಹಿಡಿದವರಲ್ಲಿ ಒಬ್ಬ ವ್ಯಾನ್ ಜೇಕಬ್ಸನ್. ಟ್ರೇಸ್‌ರೂಟ್ ಬರೆದದ್ದೂ ಅವನೇ, ಸ್ಟೀವ್ ಡೀರಿಂಗ್ ಕೊಟ್ಟ ಸಲಹೆ ಮೇಲೆ. ಪ್ರತಿ ಪ್ಯಾಕೆಟ್ ಮೇಲೂ ‘ಇಷ್ಟು ನಿಲ್ದಾಣ ದಾಟಬಹುದು’ ಅಂತ ಒಂದು ಅಂಕಿ ಇರುತ್ತೆ. ಒಂದೇ ನಿಲ್ದಾಣ ಅಂತ ಬರೆದು ಕಳಿಸಿದ್ರೆ ಮೊದಲ ನಿಲ್ದಾಣ “ನಿನ್ನ ಟಿಕೆಟ್ ಮುಗೀತು” ಅಂತ ವಾಪಸ್ ಹೇಳುತ್ತೆ, ಹಾಗೆ ಹೇಳೋವಾಗ ತನ್ನ ವಿಳಾಸ ಬಿಟ್ಟುಕೊಡುತ್ತೆ. ಎರಡು ಅಂತ ಬರೆದ್ರೆ ಎರಡನೇದು. ಹೀಗೆ ದಾರಿಯ ನಕ್ಷೆಯೇ ಕೈಗೆ ಸಿಗುತ್ತೆ. ಟಿಕೆಟ್ ಇಲ್ಲದ ಪ್ರಯಾಣಿಕನನ್ನ ಬೇಕಂತಲೇ ಕಳಿಸಿ ಕಂಡಕ್ಟರ್ ಎಲ್ಲೆಲ್ಲಿ ಇದ್ದಾನೆ ಅಂತ ತಿಳ್ಕೊಳ್ಳೋ ಉಪಾಯ.

ಎರಡು, ನೆಟ್‌ಕ್ಯಾಟ್. ಹಾಬಿಟ್ ಅನ್ನೋ ಅಡ್ಡಹೆಸರಿನವನೊಬ್ಬ 1995ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡ್ದ. ಆಜ್ಞೆ ಎರಡೇ ಅಕ್ಷರ, ಎನ್ ಸಿ. ಒಂದು ಲ್ಯಾಪ್‌ಟಾಪ್ ಬಾಗಿಲು ತೆಗೆದು ಕಾಯುತ್ತೆ, ಇನ್ನೊಂದು ಬಂದು ಸೇರುತ್ತೆ. ಇಲ್ಲಿ ಟೈಪ್ ಮಾಡಿದ್ದು ಅಲ್ಲಿ ಮೂಡುತ್ತೆ. ಅಕೌಂಟ್ ಬೇಡ, ಒಟಿಪಿ ಬೇಡ, ಮಧ್ಯ ಯಾವ ಕಂಪನಿಯೂ ಇಲ್ಲ. ಮೊದಲ ಸಲ ಮಾಡಿ ನೋಡಿದಾಗ ನಾನು ಸುಮಾರು ಹೊತ್ತು ಸುಮ್ನೆ ನೋಡ್ತಾ ಕೂತಿದ್ದೆ. ಗುಟ್ಟಿನ ವಿಷಯ ಮಾತ್ರ ಬರೀಬೇಡಿ, ಇದಕ್ಕೆ ಬೀಗ ಇಲ್ಲ, ಪೋಸ್ಟ್‌ಕಾರ್ಡ್ ಥರ.

ಕಂತು 6

ಇಲ್ಲಿಂದ ಕಥೆ ತಿರುಗುತ್ತೆ.

ಹಳೇ ವಿಳಾಸ ಪದ್ಧತಿಯಲ್ಲಿ, ಅಂದ್ರೆ ಐಪಿವಿ4ನಲ್ಲಿ, ಇರೋದು ಒಟ್ಟು ಸುಮಾರು 429 ಕೋಟಿ ವಿಳಾಸ. ಶುರುವಿನಲ್ಲಿ ಜಾತ್ರೆಯಲ್ಲಿ ಪ್ರಸಾದ ಹಂಚಿದ ಹಾಗೆ ಹಂಚಿಬಿಟ್ರು. ಅಮೆರಿಕದ ಎಂಐಟಿ ಅನ್ನೋ ಒಂದೇ ಒಂದು ಸಂಸ್ಥೆ ಹತ್ರ 1.67 ಕೋಟಿ ವಿಳಾಸ ಇತ್ತು. ತಡವಾಗಿ ಬಂದವರಿಗೆ ಏನು ಉಳಿಯುತ್ತೆ?

1994ರ ಮೇನಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಅನ್ನೋ ಇಬ್ಬರು ಒಂದು ಉಪಾಯ ಬರೆದರು. ಹೆಸರು ನ್ಯಾಟ್. ಇದು ತಾತ್ಕಾಲಿಕ ಪರಿಹಾರ ಅಂತ ಅವರೇ ಹೇಳಿಕೊಂಡಿದ್ದರು. ಮೂವತ್ತು ವರ್ಷ ಆಯ್ತು, ಆ ತಾತ್ಕಾಲಿಕ ಇನ್ನೂ ಹಾಗೇ ಇದೆ.

ನ್ಯಾಟ್ ಅಂದ್ರೆ ಪಿಜಿ ಕಟ್ಟಡ ಅಂದ್ಕೊಳ್ಳಿ. ಒಳಗೆ ಐವತ್ತು ರೂಮು, ಆದರೆ ಊರಿಗೆ ಗೊತ್ತಿರೋ ವಿಳಾಸ ಒಂದೇ, ಗೇಟಿನದು. ರೂಮ್ ನಂಬರ್‌ಗಳು ಒಳಗಿನವರಿಗೆ ಮಾತ್ರ. (ನಿಮ್ಮ ವೈಫೈಯಲ್ಲಿ 192.168 ಅಂತ ಶುರುವಾಗೋ ವಿಳಾಸ ನೋಡಿರ್ತೀರಿ, ಅದೇ ರೂಮ್ ನಂಬರ್. ಲೋಕದಲ್ಲಿ ಕೋಟ್ಯಂತರ ಮನೆಗಳಲ್ಲಿ ಅದೇ ನಂಬರ್ ಇದೆ.) ನೀವು ಹೊರಗೆ ಪತ್ರ ಕಳಿಸಿದ್ರೆ ವಾಚ್‌ಮ್ಯಾನ್ ರಿಜಿಸ್ಟರಿನಲ್ಲಿ ಬರ್ಕೊಳ್ತಾನೆ, ಉತ್ತರ ಬಂದಾಗ ನಿಮ್ಮ ರೂಮಿಗೆ ತಂದುಕೊಡ್ತಾನೆ. ಆದರೆ ಹೊರಗಿನವರು ತಾವಾಗೇ ಬಂದು ಗೇಟ್ ತಟ್ಟಿದ್ರೆ? ಯಾವ ರೂಮಿಗೆ ಅಂತ ಅವನಿಗೆ ಗೊತ್ತಿಲ್ಲ. ವಾಪಸ್ ಕಳಿಸ್ತಾನೆ.

ಇದರಿಂದ ವಿಳಾಸ ಉಳೀತು, ದುಡ್ಡೂ ಉಳೀತು. ಆದರೆ ಒಂದು ಬದಲಾವಣೆ ಸದ್ದಿಲ್ಲದೆ ಆಗಿಹೋಯ್ತು. ಒಳಗಿರೋ ನೀವು ಕರೆ ಮಾಡಬಹುದು, ನಿಮಗೆ ಯಾರೂ ಕರೆ ಮಾಡೋಕಾಗಲ್ಲ. ಸಮಾನರ ಜಾಲದಲ್ಲಿ ಅಂಗಡಿ ಮತ್ತು ಗಿರಾಕಿ ಅಂತ ಎರಡು ಗುಂಪಾಯ್ತು.

ನಮ್ಮ ದೇಶದಲ್ಲಿ 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆದರೆ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ವರ್ಷ ಗಮನಿಸಿ. ನ್ಯಾಟ್ ಬಂದ ಮುಂದಿನ ವರ್ಷ. ನಾವು ಹಬ್ಬಕ್ಕೆ ಹೋಗಿ ಸೇರೋ ಹೊತ್ತಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚೋಕೆ ಶುರುವಾಗಿತ್ತು.

2011ರ ಫೆಬ್ರವರಿ 3ಕ್ಕೆ ಜಾಗತಿಕ ದಾಸ್ತಾನು ಖಾಲಿ. ಮೊಬೈಲ್ ಕಂಪನಿಗಳು ಪಿಜಿ ಗೇಟಿನ ಹೊರಗೆ ಇನ್ನೊಂದು ದೊಡ್ಡ ಗೇಟ್ ಕಟ್ಟಿದವು. ಅದರ ಹೆಸರು ಕ್ಯಾರಿಯರ್ ಗ್ರೇಡ್ ನ್ಯಾಟ್. ಒಂದೇ ಹೊರ ವಿಳಾಸದ ಹಿಂದೆ ನೂರಾರು ಗಿರಾಕಿಗಳು.

ಕಂತು 7

2000ದ ಮಾರ್ಚ್ 14. ಜಸ್ಟಿನ್ ಫ್ರಾಂಕೆಲ್ ಮತ್ತು ಟಾಮ್ ಪೆಪ್ಪರ್ ಅನ್ನೋ ಹುಡುಗರು ನುಟೆಲ್ಲಾ ಅನ್ನೋ ಪ್ರೋಗ್ರಾಮ್ ಬಿಟ್ರು. ಅವರಿದ್ದ ನಲ್‌ಸಾಫ್ಟ್ ಕಂಪನಿಯನ್ನ ಎಓಎಲ್ ಹಿಂದಿನ ವರ್ಷವಷ್ಟೇ ಕೊಂಡಿತ್ತು. ಎಓಎಲ್ ಆಗ ಸಿನಿಮಾ, ಸಂಗೀತ ಎಲ್ಲಾ ಇರೋ ಟೈಮ್ ವಾರ್ನರ್ ಜೊತೆ ಸೇರೋ ಗಡಿಬಿಡಿಯಲ್ಲಿತ್ತು. ಮಾರನೇ ದಿನವೇ ಪ್ರೋಗ್ರಾಮ್ ತೆಗೆಸಿತು. ಅಷ್ಟರಲ್ಲಿ ಸಾವಿರಾರು ಜನ ಇಳಿಸ್ಕೊಂಡಿದ್ದರು, ಬೇರೆಯವರು ಅದರ ಒಳಗುಟ್ಟು ಬಿಡಿಸಿ ತಮ್ಮದೇ ಆವೃತ್ತಿ ಬರೆದರು.

ನ್ಯಾಪ್‌ಸ್ಟರ್ ಕೇಳಿರ್ತೀರಿ. ಅದರಲ್ಲಿ ಯಾರ ಹತ್ರ ಯಾವ ಹಾಡಿದೆ ಅನ್ನೋ ಪಟ್ಟಿ ಮಾತ್ರ ಮಧ್ಯದ ಒಂದು ಸರ್ವರ್‌ನಲ್ಲಿತ್ತು. ಹಾಗಾಗಿ ಕೋರ್ಟ್‌ಗೆ ಮುಚ್ಚಿಸೋದು ಸುಲಭವಾಯ್ತು. ನುಟೆಲ್ಲಾದಲ್ಲಿ ಮಧ್ಯ ಯಾರೂ ಇಲ್ಲ. (ಹಾಡು ಕದಿಯೋದು ಸರಿ ಅಂತ ನಾನು ಹೇಳ್ತಿಲ್ಲ. ಕಾಪಿರೈಟ್ ನಮ್ಮ ಸಿಲಬಸ್ಸಲ್ಲೇ ಇದೆ.)

ಮಧ್ಯ ಯಾರೂ ಇಲ್ಲ ಅಂದ್ರೆ ಪಕ್ಕದವರು ಇದ್ದಾರಾ ಅಂತ ತಿಳಿಯೋದು ಹೇಗೆ? ಸೀದಾ ಮೂಸ್‌ನ ಪದವನ್ನೇ ತಗೊಂಡ್ರು. ನುಟೆಲ್ಲಾ ನಿಯಮದಲ್ಲಿ ಒಂದು ಸಂದೇಶದ ಹೆಸರು ಪಿಂಗ್, ಅದಕ್ಕೆ ಉತ್ತರದ ಹೆಸರು ಪಾಂಗ್. ನಾನು ನಾಲ್ಕು ಜನಕ್ಕೆ ಪಿಂಗ್ ಮಾಡಿದ್ರೆ, ಅವರು ನನ್ನನ್ನ ಬಿಟ್ಟು ಉಳಿದ ತಮ್ಮ ಪಕ್ಕದವರಿಗೆ ದಾಟಿಸ್ತಾರೆ. ಸಾಮಾನ್ಯವಾಗಿ ಏಳು ಹಂತ.

ಚಕ್ರಬಡ್ಡಿ ಲೆಕ್ಕ ಬರುತ್ತಲ್ಲ, ಹಾಕಿ ನೋಡಿ. ಎಲ್ಲರಿಗೂ ನಾಲ್ಕು ನೆರೆ ಅಂದ್ಕೊಂಡ್ರೆ 4, 12, 36, 108, 324, 972, 2916. ಕೂಡಿಸಿದ್ರೆ 4372. ಒಬ್ಬ ಒಂದು ಸಲ “ಯಾರಾದ್ರೂ ಇದ್ದೀರಾ” ಅಂದ್ರೆ ನಾಲ್ಕು ಸಾವಿರ ಜನ “ಇದ್ದೀನಿ” ಅಂತ ಕೂಗ್ತಾರೆ, ಆ ಕೂಗು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. 2000ದ ಬೇಸಿಗೆಯಲ್ಲಿ ನ್ಯಾಪ್‌ಸ್ಟರ್ ಮುಚ್ಚುತ್ತೆ ಅಂತ ಜನ ಇಲ್ಲಿಗೆ ನುಗ್ಗಿದಾಗ ಮೋಡೆಮ್‌ನಲ್ಲಿದ್ದ ಬಡಪಾಯಿಗಳು ಈ ಕೂಗಾಟದಲ್ಲೇ ಮುಳುಗಿದರು. ದಾರಿ ಖಾಲಿ ಇದೆಯಾ ಅಂತ ಕೇಳೋ ಜನರಿಂದಲೇ ದಾರಿ ತುಂಬಿಹೋಯ್ತು!

ಆಮೇಲೆ ಪಾಂಗ್‌ಗಳನ್ನ ನೆನಪಿಟ್ಕೊಂಡು ಮತ್ತೆ ಮತ್ತೆ ಕೇಳದ ಹಾಗೆ ಮಾಡಿದರು. ಒಳ್ಳೇ ಕನೆಕ್ಷನ್ ಇರೋರನ್ನ ‘ಅಲ್ಟ್ರಾಪಿಯರ್’ ಅಂತ ಮೇಲಕ್ಕೆ ಏರಿಸಿದರು. ಸಮಾನತೆ ಅಂತ ಶುರು ಮಾಡಿದ ಊರಲ್ಲೂ ಕೊನೆಗೆ ಗೌಡರು ಬಂದರು. ನನಗಂತೂ ಈ ಭಾಗ ಓದಿ ಸ್ವಲ್ಪ ನಗು, ಸ್ವಲ್ಪ ಬೇಜಾರು.

ಅದೇ ವರ್ಷ ನವೆಂಬರ್ 20ರಂದು ಮೈಕ್ ಮೂಸ್ ಮೇರಿಲ್ಯಾಂಡ್‌ನ ಹೆದ್ದಾರಿಯೊಂದರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಇದೇ ತನ್ನ ಹೆಸರು ಉಳಿಸೋ ಕೆಲಸ ಅಂತ ಆಗಲೇ ಗೊತ್ತಿದ್ದಿದ್ರೆ ಇನ್ನೂ ಒಂದೆರಡು ದಿನ ಕೂತು ಚೆನ್ನಾಗಿ ಬರೀತಿದ್ದೆ ಅಂತ ಹಿಂದೆ ಬರ್ಕೊಂಡಿದ್ದ.

ಕಂತು 8

ಹಾಗಾದ್ರೆ ಎರಡು ಪಿಜಿಗಳೊಳಗಿರೋ ಇಬ್ಬರು ನೇರವಾಗಿ ಮಾತಾಡೋಕೆ ಸಾಧ್ಯವೇ ಇಲ್ವಾ? ಇದೆ, ಸಖತ್ ಉಪಾಯ. ಇಬ್ಬರಿಗೂ ಪರಿಚಯ ಇರೋ ಮೂರನೆಯವನು ಒಬ್ಬರ ಗೇಟ್ ವಿಳಾಸ ಇನ್ನೊಬ್ಬರಿಗೆ ಹೇಳ್ತಾನೆ. ಇಬ್ಬರೂ ಒಂದೇ ಸಮಯಕ್ಕೆ ಪರಸ್ಪರ ಪತ್ರ ಕಳಿಸ್ತಾರೆ. ಎರಡೂ ವಾಚ್‌ಮ್ಯಾನ್‌ಗಳ ರಿಜಿಸ್ಟರಿನಲ್ಲಿ “ನಮ್ಮ ಹುಡುಗ ಇವರಿಗೆ ಬರೆದಿದ್ದಾನೆ” ಅಂತ ಬೀಳುತ್ತೆ. ಆಮೇಲೆ ಬರೋದನ್ನ ಉತ್ತರ ಅಂದ್ಕೊಂಡು ಇಬ್ಬರೂ ಒಳಗೆ ಬಿಡ್ತಾರೆ. ಇದಕ್ಕೆ ಹೋಲ್ ಪಂಚಿಂಗ್ ಅಂತಾರೆ. 2003ರಲ್ಲಿ ಬಂದ ಸ್ಕೈಪ್ ಬೆಳೆದಿದ್ದು ಇಂಥ ಉಪಾಯಗಳ ಮೇಲೇ. ಎಲ್ಲಾ ವಾಚ್‌ಮ್ಯಾನ್‌ಗಳೂ ಇದಕ್ಕೆ ಬಗ್ಗಲ್ಲ, ಕೆಲವರು ತುಂಬಾ ಸ್ಟ್ರಿಕ್ಟು.

ನಿಮ್ಮ ವಾಟ್ಸಾಪ್ ಕರೆಯೂ ಇಬ್ಬರ ನಡುವೆ ಇದ್ದಾಗ ಎಷ್ಟೋ ಸಲ ಹೀಗೆ ನೇರವಾಗಿ ಹೋಗುತ್ತೆ. ನೇರ ಅಂದ ಮೇಲೆ ಎದುರಿನವರಿಗೆ ನಿಮ್ಮ ಐಪಿ ವಿಳಾಸ ಸಿಗಬಹುದು. ಅದು ಬೇಡ ಅಂದ್ರೆ ಕರೆಗಳಲ್ಲಿ ಐಪಿ ವಿಳಾಸ ಮರೆಮಾಡೋ ಸೆಟ್ಟಿಂಗ್ 2023ರಿಂದ ಇದೆ. ಗುರುತಿಲ್ಲದವರ ಜೊತೆ ಮಾತಾಡೋ ಹುಡುಗೀರು, ಹುಡುಗರು, ಎಲ್ಲರೂ ಪ್ರೈವಸಿ ಸೆಟ್ಟಿಂಗಲ್ಲಿ ಒಂದು ಸಲ ನೋಡಿ. ಮಾತು ಕಂಪನಿಯ ಸರ್ವರ್ ಮೂಲಕ ಸುತ್ತಿ ಹೋಗುತ್ತೆ, ಸ್ವಲ್ಪ ತಡ ಆಗಬಹುದು, ಅಷ್ಟೇ.

ಕಂತು 9

ಈಗ ಆಡಿಟರ್ ಕಥೆಗೆ ವಾಪಸ್. 2009ರ ಜನವರಿ 7, ಹೈದರಾಬಾದ್. ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ನಮ್ಮ ಕಾರ್ಪೊರೇಟ್ ಗವರ್ನೆನ್ಸ್ ಪಾಠದಲ್ಲಿ ಪ್ರತಿ ವರ್ಷ ಬರೋ ಪ್ರಶ್ನೆ. ಬ್ಯಾಂಕಿಗೆ ಹೋಗಬೇಕಾದ ದೃಢೀಕರಣ ಪತ್ರಗಳನ್ನ ಆಡಿಟರ್‌ಗಳು ತಮ್ಮ ಹಿಡಿತದಲ್ಲಿ ಇಟ್ಕೊಳ್ಳದೆ ಕಂಪನಿಯವರ ಕೈಗೇ ಬಿಟ್ಟಿದ್ದರು ಅಂತ 2011ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಹೇಳಿತು. ನೇರವಾಗಿ ಕೇಳಲಿಲ್ಲ. ಅಷ್ಟೇ ಸಾಕಾಯ್ತು.

ಅದೇ ವಾರ, ಸತೋಶಿ ನಾಕಾಮೊಟೊ ಅನ್ನೋ ಹೆಸರಿನಲ್ಲಿ ಬಿಟ್‌ಕಾಯಿನ್‌ನ ಮೊದಲ ಪ್ರೋಗ್ರಾಮ್ ಹೊರಬಂತು. ಎರಡಕ್ಕೂ ಸಂಬಂಧ ಇಲ್ಲ, ಬರೀ ಕಾಕತಾಳೀಯ. ಆದರೆ ಬಿಕಾಂ ಓದೋರಿಗೆ ಇಂಥ ವಾರ ಮರೆಯೋಕಾಗುತ್ತಾ? ಕಾಯಿನ್ ಕೊಳ್ಳಿ ಅಂತ ನಾನು ಹೇಳ್ತಿಲ್ಲ, ನನ್ನ ಹತ್ರ ಒಂದು ಪೈಸೆಯದ್ದೂ ಇಲ್ಲ. ನನಗೆ ಆಸಕ್ತಿ ಇರೋದು ಅದರ ಲೆಡ್ಜರ್ ಮೇಲೆ. ಅಲ್ಲಿ ಪ್ರತಿಯೊಬ್ಬರೂ ಪೂರ್ತಿ ಲೆಡ್ಜರ್ ಪರಿಶೀಲಿಸಬಹುದು. ಅದಕ್ಕೆ ನೆರೆಯವರು ಬೇಕು. ಶುರುವಿನಲ್ಲಿ ಹೊಸ ನೋಡ್ ಒಂದು ಚಾಟ್ ರೂಮಿಗೆ ಹೋಗಿ ನೆರೆಯವರನ್ನ ಹುಡುಕ್ತಿತ್ತು. ಪಿಂಗ್ ಸಂದೇಶ ಮೊದಲಿಂದ ಇತ್ತು, ಆದರೆ ಅದಕ್ಕೆ ಉತ್ತರ ಕೊಡೋ ಪದ್ಧತಿ ಇರಲಿಲ್ಲ! ಪಾಂಗ್ ಸೇರಿಸಿದ್ದು 2012ರಲ್ಲಿ.

ನಾನು ದುಡ್ಡಿಲ್ಲದ ಅದರ ಪರೀಕ್ಷಾ ಜಾಲದಲ್ಲಿ ಒಂದು ನೋಡ್ ಹಾಕಿ ನೋಡಿದೆ. ಎರಡನೇ ಫೋಟೋ ಅದರದ್ದು. ಗೆಟ್‌ಪಿಯರ್‌ಇನ್ಫೋ ಅಂತ ಬರೆದ್ರೆ ಈಗ ಯಾರ್ಯಾರ ಜೊತೆ ಸೇರಿದ್ದೀವಿ, ಪ್ರತಿಯೊಬ್ಬರ ಪಿಂಗ್ ಎಷ್ಟು, ಅವರು ನಮ್ಮ ಬಾಗಿಲಿಗೆ ಬಂದಿದ್ದಾ ನಾವು ಹೋಗಿದ್ದಾ, ಎಲ್ಲಾ ಬರುತ್ತೆ. ಆಡ್‌ನೋಡ್ ಅಂದ್ರೆ ನಾವೇ ಒಬ್ಬರನ್ನ ಆರಿಸಿ ಸೇರಿಸೋದು. ಡಿಸ್‌ಕನೆಕ್ಟ್‌ನೋಡ್ ಅಂದ್ರೆ ಕಳಿಸೋದು. ಸೆಟ್‌ಬ್ಯಾನ್ ಅಂದ್ರೆ ಒಂದು ದಿನ ಬಾಗಿಲಿಗೆ ಬರಬೇಡ ಅನ್ನೋದು. ಯಾರಾದ್ರೂ ಪಿಂಗಿಗೆ 20 ನಿಮಿಷ ಉತ್ತರ ಕೊಡದಿದ್ರೆ ಅದು ತಾನಾಗೇ ಸಂಬಂಧ ಕಡಿದುಹಾಕುತ್ತೆ.

ಇಷ್ಟೆಲ್ಲಾ ಯಾಕೆ? 2015ರಲ್ಲಿ ನಾಲ್ವರು ಸಂಶೋಧಕರು ‘ಎಕ್ಲಿಪ್ಸ್ ದಾಳಿ’ ಅಂತ ತೋರಿಸಿದರು, ಎಕ್ಲಿಪ್ಸ್ ಅಂದ್ರೆ ಗ್ರಹಣ. ನಿಮ್ಮ ಎಲ್ಲಾ ನೆರೆಯವರೂ ಒಬ್ಬನೇ ಮೋಸಗಾರನ ಕಡೆಯವರಾದ್ರೆ, ನಿಮಗೆ ಅವನು ತೋರಿಸಿದ್ದೇ ಲೋಕ. ಹತ್ತು ಜನರನ್ನ ಕೇಳಿ ಖಾತ್ರಿ ಮಾಡ್ಕೊಂಡೆ ಅಂದ್ಕೊಳ್ತೀರಿ, ಹತ್ತೂ ಉತ್ತರ ಬಂದಿದ್ದು ಒಂದೇ ಕೈಯಿಂದ. ಸತ್ಯಂ ಪತ್ರಗಳ ಕಥೆಯೇ ಇದು, ಯಂತ್ರದ ರೂಪದಲ್ಲಿ.

ನನ್ನ ಪಟ್ಟಿಯಲ್ಲಿ ನಾವಾಗೇ ಹೋಗಿ ಸೇರಿದವರು 10. ನಮ್ಮ ಬಾಗಿಲಿಗೆ ಬಂದವರು 0. ಎರಡು ರಾತ್ರಿ ಬಿಟ್ಟು ನೋಡಿದ್ರೂ 0. ಎರಡೆರಡು ಗೇಟ್ ದಾಟಿ ಯಾರು ಬರ್ತಾರೆ ಹೇಳಿ.

ಕಂತು 10

ಹೊಸ ವಿಳಾಸ ಪದ್ಧತಿ ಐಪಿವಿ6ರಲ್ಲಿ ಪ್ರತಿ ಫೋನಿಗೂ ಸ್ವಂತ ವಿಳಾಸ ಕೊಡುವಷ್ಟು ಜಾಗ ಇದೆ. ಇದರ ಬಳಕೆಯಲ್ಲಿ ನಮ್ಮ ದೇಶ ಮುಂದಿನ ಸಾಲಲ್ಲೇ ಇದೆ. ತಡವಾಗಿ ಬಂದು ಹಳೇ ವಿಳಾಸ ಸಿಗದಿದ್ದದ್ದೂ ಅದಕ್ಕೆ ಒಂದು ಕಾರಣ. ಆದರೂ ಮೊಬೈಲ್ ಜಾಲಗಳಲ್ಲಿ ಹೊರಗಿಂದ ಬರೋ ದಾರಿಯನ್ನ ಫೈರ್‌ವಾಲ್ ಹಾಕಿ ಮುಚ್ಚಿಡೋದು ಮಾಮೂಲು. ಸುರಕ್ಷತೆಗೆ ಅಂತಾರೆ, ಅದೂ ಸುಳ್ಳಲ್ಲ. ಬಾಗಿಲು ಇದೆ, ಕೀ ಬೇರೆಯವರ ಹತ್ರ ಇದೆ.

ಮಾಡಿ ನೋಡಬೇಕು ಅನ್ನೋರಿಗೆ: ಲ್ಯಾಪ್‌ಟಾಪಲ್ಲಿ ಕಮಾಂಡ್ ಪ್ರಾಂಪ್ಟ್ ಅಥವಾ ಟರ್ಮಿನಲ್ ತೆಗೆದು ಪಿಂಗ್ ಅಂತ ಬರೆದು ಒಂದು ಜಾಗ ಬಿಟ್ಟು ಯಾವುದಾದರೂ ಸೈಟಿನ ಹೆಸರು ಹಾಕಿ. ವಿಂಡೋಸ್ ನಾಲ್ಕು ಸಲ ಕೇಳಿ ನಿಲ್ಲಿಸುತ್ತೆ. ಲಿನಕ್ಸ್ ಮತ್ತು ಮ್ಯಾಕ್ ನೀವು ಕಂಟ್ರೋಲ್ ಸಿ ಒತ್ತೋವರೆಗೂ ಬಿಡಲ್ಲ. ಟ್ರೇಸ್‌ರೂಟ್‌ಗೆ ವಿಂಡೋಸಲ್ಲಿ ಹೆಸರು ಟ್ರೇಸರ್ಟ್. ಆಂಡ್ರಾಯ್ಡ್ ಫೋನ್ ಮಾತ್ರ ಇದ್ದರೆ ಟರ್ಮಕ್ಸ್ ಹಾಕಿಕೊಂಡ್ರೆ ನೆಟ್‌ಕ್ಯಾಟೂ ಸಿಗುತ್ತೆ. ಕಾಲೇಜು ವೈಫೈಗಳಲ್ಲಿ ಒಂದು ಫೋನ್ ಇನ್ನೊಂದನ್ನ ನೋಡದ ಹಾಗೆ ತಡೆದಿರಬಹುದು. ಆಗ ಒಬ್ಬರು ಹಾಟ್‌ಸ್ಪಾಟ್ ಹಾಕಿ, ಇಬ್ಬರು ಸೇರ್ಕೊಳ್ಳಿ. ನಿಮ್ಮದಲ್ಲದ ಯಂತ್ರಗಳಿಗೆ ಸುಮ್ಸುಮ್ನೆ ಪಿಂಗ್ ಸುರಿಯೋ ಕೆಲಸ ಮಾತ್ರ ಬೇಡ.

ಆಮೇಲೆ ಮನೆ ರೂಟರಿನ ಸೆಟ್ಟಿಂಗಲ್ಲಿ ಅದಕ್ಕೆ ಸಿಕ್ಕಿರೋ ಹೊರಗಿನ ವಿಳಾಸ ಏನು ಅಂತ ನೋಡಿ. ಮೊದಲ ಅಂಕಿ 100 ಇದ್ದು, ಎರಡನೆಯದು 64ರಿಂದ 127ರ ಒಳಗೆ ಇದ್ರೆ ನೀವೂ ದೊಡ್ಡ ಗೇಟಿನ ಒಳಗೇ ಇದ್ದೀರಿ ಅಂತ ಅರ್ಥ. ಪೂರ್ತಿ ವಿಳಾಸ ಹಾಕಬೇಡಿ, ಒಳಗೋ ಹೊರಗೋ ಅಷ್ಟು ಮಾತ್ರ ಕಾಮೆಂಟಲ್ಲಿ ಬರೀರಿ. ನಮ್ಮ ಕ್ಲಾಸಲ್ಲಿ ಎಷ್ಟು ಜನ ಹೊರಗಿದ್ದೀರಿ ಅಂತ ನೋಡೋಣ.